ಎರಡು ಬೆಟ್ಟಗಳ ನಡುವೆ ನಿಂತ ವಿಮಾನ

ಜಿನನಾಥಪುರ
ಭಾನುವಾರ

ಮಗ ಪದ್ಮಕುಮಾರನಿಗೆ ಆಶೀರ್ವಾದ.

ನಿನ್ನ ಮಗಳು ನೇಹಾ ರಜೆಗೆ ಬರುವಾಗ ತಂದಿದ್ದ ಕಂಪ್ಯೂಟರ್ ವಿಮಾನದಾಟದ ಜಾಯ್‌ಸ್ಟಿಕ್ಕನ್ನು ನೀನು ನನ್ನ ಕೈಯಿಂದ ಕಿತ್ತು ಚನ್ನರಾಯಪಟ್ಟಣಕ್ಕೆ ಒಯ್ದೆ. "ಜಿಲ್ಲೆ ದಾಟಲ್ಲ ಅಂತ ದಿಗ್ವ್ರತ ತಗಂಡು, ಸೇಂಟ್ ಲೂಸಿಯಾ ಸುತ್ತಾಡ್ತಾ ಕೂತಿದ್ದೀಯಲ್ಲಮ್ಮ" ಅಂದೆ. ವ್ರತ ತೆಗೆದುಕೊಂಡವಳು ನಾನು. ಅದರ ಗಡಿ ನನಗೆ ಗೊತ್ತು. ಕುರ್ಚಿ ಬಿಟ್ಟು ನಾನು ಎದ್ದಿಲ್ಲ.

ಮನಸ್ಸು ಹೋಯಿತಲ್ಲ ಅನ್ನುತ್ತೀಯ. ಹೋಯಿತು. ಆ ದ್ವೀಪದಲ್ಲಿ ಕೆರಿಬಿಯನ್ ಸಮುದ್ರದಿಂದ ನೇರ ಎದ್ದ ಎರಡು ಬೆಟ್ಟಗಳಿವೆ, ನಮ್ಮ ದೊಡ್ಡಬೆಟ್ಟ ಚಿಕ್ಕಬೆಟ್ಟದ ಹಾಗೆಯೇ. ಮಂಡಿ ಹೋದ ಮೇಲೆ ನಮ್ಮ ಬೆಟ್ಟಗಳಿಗೆ ನಾನು ಕೆಳಗಿನಿಂದಲೇ ಕೈಮುಗಿದಿದ್ದೇನೆ. ಆ ದ್ವೀಪದ ಬೆಟ್ಟಗಳನ್ನು ಮೇಲಿನಿಂದ ನೋಡಿದೆ. ಹಾಗೆ ಮನಸ್ಸು ಹೋದದ್ದಕ್ಕೆ ಪ್ರಾಯಶ್ಚಿತ್ತ ಇದೆಯೋ ಎಂದು ಮುನಿಗಳನ್ನು ನಾನೇ ಕೇಳುತ್ತೇನೆ, ನೀನು ಕೇಳಬೇಡ.

ಜಾಯ್‌ಸ್ಟಿಕ್ಕನ್ನು ನಾಳೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಕೂರುತ್ತೇನೆ, ಆ ದ್ವೀಪದಲ್ಲಿ ಆಗ ಬೆಳಗಿನ ಬಿಸಿಲು. ನೀನು ಕಿತ್ತುಕೊಂಡಾಗ ವಿಮಾನ ಆ ಎರಡು ಬೆಟ್ಟಗಳ ನಡುವೆ ಇತ್ತು. ನೇಹಾ ಅದನ್ನು ಅಲ್ಲೇ ನಿಲ್ಲಿಸಿಟ್ಟಿದ್ದಾಳೆ. ಹಾರಿಸಿದವಳು ನಾನು, ಇಳಿಸುವವಳೂ ನಾನೇ.

ಇಂತಿ,
ನಿನ್ನ ತಾಯಿ
ಅನಂತಮ್ಮ