ಅತ್ತಿಗೆಯ ಪಾಲಿನ ರೊಟ್ಟಿ

೪ ಡಿಸೆಂಬರ್, ಶಹಾಬಾದ್. ಮಧ್ಯಾಹ್ನ ೨

ಸಾಕ್ಷಿ ಯಾರೂ ಇಲ್ಲ, ಆದರೂ ತಪ್ಪೊಪ್ಪಿಗೆ: ಸಾವಿನ ಮನೆಯಲ್ಲಿ ಕಳ್ಳತನ ಮಾಡಿದ್ದೇನೆ. ಅಣ್ಣ ನಾಮದೇವ ಹೋಗಿ ಇವತ್ತಿಗೆ ಆರು ದಿನ. ಮನೆಯಲ್ಲಿ ಒಲೆ ಹಚ್ಚಿಲ್ಲ; ಓಣಿಯವರೇ ಊಟ ತರುತ್ತಾರೆ. ಅತ್ತಿಗೆ ಶಿವಕಾಂತಮ್ಮ ಮುಟ್ಟುವುದಿಲ್ಲ. ಚಹಾ, ಒಂದು ಬಿಸ್ಕಿಟ್... ಅಷ್ಟೇ. ತುಂಬಿದ ತಟ್ಟೆ ವಾಪಸ್ ಹೋದರೆ ತಂದವರಿಗೆ ನೋವು. ಹಾಗಾಗಿ ಹಿತ್ತಲಲ್ಲಿ ನಿಂತು ಅವಳ ಪಾಲನ್ನೂ ನಾನೇ... ಪಾಠ ಮಾಡುವುದು ಅದ್ವೈತ, ಉಣ್ಣುವುದು ಎರಡು ತಟ್ಟೆ.

ಪಕ್ಕದ ಮನೆಯ ಜೈಬುನ್ನೀಸಾ ಹಿಡಿದೇಬಿಟ್ಟಳು.

"ಅಕ್ಕ ಉಂಡಳೇನ್ರಿ ಸರ್?"

"ಹೊಟ್ಟಿ ತುಂಬ."

"ಮತ್ತ ರೊಟ್ಟಿ ಜೋಡಿ ಕೊಟ್ಟಿದ್ದ ಶೇಂಗಾ ಹಿಂಡಿ ನಿಮ್ಮ ಮೀಸ್ಯಾಗ ಹ್ಯಾಂಗ ಬಂತ್ರಿ?"

೫ ಡಿಸೆಂಬರ್

ಅತ್ತಿಗೆಗೆ ಶುಗರ್. ಹೀಗೇ ಉಪವಾಸ ಬಿದ್ದರೆ ಅಡ್ಮಿಟ್ ಮಾಡಬೇಕಾಗುತ್ತದೆ ಅಂದರು ಡಾಕ್ಟರ್. ಚಿತ್ತಾಪುರದಲ್ಲಿ ಇಪ್ಪತ್ತು ವರ್ಷ ತತ್ತ್ವಶಾಸ್ತ್ರ ಕಲಿಸಿದವನು, ಸುಮ್ಮನಿರಲಾದೀತೇ? ಹುಟ್ಟು, ಸಾವು, ನಶ್ವರತೆ — ಒಂದು ಪೀರಿಯಡ್ ಪೂರ್ತಿ ಬೋಧಿಸಿದೆ.

"ಮುಗೀತೇನ್ ಸುರೇಶಪ್ಪಾ? ಗಂಟಲ ಒಣಗಿರಬೇಕು, ನೀರು ಕುಡಿ" ಅಂದಳು.

ಇರಲಿ. ನನ್ನ ಮಟ್ಟಿಗೆ ಓದು ಕೈಕೊಟ್ಟಿಲ್ಲ. ಏಳು ದಿನದಲ್ಲಿ ಒಂದು ಹನಿ ಕಣ್ಣೀರು ಹಾಕಿಲ್ಲ, ಹೆಣ ಎತ್ತುವಾಗಲೂ.

೭ ಡಿಸೆಂಬರ್, ಮಧ್ಯಾಹ್ನ

ಜೈಬುನ್ನೀಸಾ ಹಿಟ್ಟಿನ ಬುಟ್ಟಿ ಸಮೇತ ಹಾಜರು. "ನಮ್ಮ ಗ್ಯಾಸ್ ತೀರ್ಯಾದ ಅಕ್ಕಾ. ನಾಕು ರೊಟ್ಟಿ ಇಲ್ಲೇ ಬಡಕೊಂಡು ಹೋಗ್ತೀನಿ."

ಓಣಿಯಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರಿಲ್ಲ. ಇವತ್ತು ಮೊದಲನೆಯದು ಹರಿಯಿತು. ಎರಡನೆಯದನ್ನು ಕಲ್ಲಿನಂತೆ ಅಂಗಳಕ್ಕೆ ಹಾಸಬಹುದಿತ್ತು. ಮೂರನೆಯದು ಹಂಚಿಗೆ ಹತ್ತಿ ಹೊಗೆ.

ಒಳಗಿನಿಂದ ಅತ್ತಿಗೆಯ ದನಿ: "ಹಂಗ ಬಡಿತಾರೇನ ಜೈಬುನ್? ಹಿಟ್ಟಿಗಿ ಬಿಸಿನೀರು ಹಾಕಿಯೋ ಇಲ್ಲೋ? ಏಳ್ ಅಕಡಿ!"

ಎದ್ದು ಬಂದಳು. ಕುಂತಳು. ಬಡಿದಳು. ಜೈಬುನ್ನೀಸಾ ಅವಳ ಮುಂದೆ ತಟ್ಟೆ ಸರಿಸಿದಳು — "ನೀ ಮೊದಲ ಮುರಿ ಅಕ್ಕಾ. ಇಲ್ಲಂದ್ರ ನಾನೂ ಒಲ್ಲೆ, ಉಪಾಸ ಮನಿಗಿ ಹೋಗ್ತೀನಿ ನೋಡು."

ಬಾಗಿಲಿಗೆ ಬಂದವರನ್ನು ಉಪವಾಸ ಕಳಿಸಿ ಗೊತ್ತಿಲ್ಲದವಳು ಅತ್ತಿಗೆ. ಮುರಿದಳು. ತಿಂದಳು. ಒಂದೂವರೆ ರೊಟ್ಟಿ!

ನನ್ನ ನಶ್ವರತೆ ಎಬ್ಬಿಸದವಳನ್ನು ಮೂರು ಕೆಟ್ಟ ರೊಟ್ಟಿ ಎಬ್ಬಿಸಿದವು. ತನ್ನ ಕೈಯ ಹೆಸರು ಕೆಡಿಸಿಕೊಂಡು ಇನ್ನೊಬ್ಬಳಿಗೆ ಉಣಿಸುವುದು — ಇಂಥ ಗುಣಕ್ಕೆ ನಮ್ಮ ಸಿಲಬಸ್ಸಿನಲ್ಲಿ ಹೆಸರೇ ಇಲ್ಲ. ಕೈ ಮುಗಿಯಬೇಕೆನಿಸಿತು.

ಮುಗಿಯಲಾಗಲಿಲ್ಲ. ಅತ್ತಿಗೆ ಮತ್ತೊಂದು ಬಿಸಿ ರೊಟ್ಟಿ ತೆಗೆದು, "ಇದು ನಿಮ್ಮಣ್ಣಗ—" ಎಂದವಳು ತಡೆದು, ನನ್ನ ತಟ್ಟೆಗೆ ಹಾಕಿದಳು. ಮುರಿಯಲು ಹೋದೆ... ಇಬ್ಬರು ಹೆಂಗಸರ ಮುಂದೆ ಗೊಳೋ ಎಂದುಬಿಟ್ಟೆ. ಖಾರ ಹತ್ತಿತು ಅಂದೆ.

ರೊಟ್ಟಿಯ ಜೊತೆ ತಟ್ಟೆಯಲ್ಲಿ ಇದ್ದದ್ದು ಬರೀ ಮೊಸರು.