ಘಟ್ಟದಲ್ಲಿ ನಿಂತ ಬ್ರೆಡ್ ವ್ಯಾನೂ ಕಾಗದದ ಮೇಲೆ ಉರಿದ ಕರೆಂಟೂ

ಬ್ಲಾಂಟೈರ್ ನಗರಕ್ಕೆ ಬೆಳಕನ್ನೂ ಕತ್ತಲನ್ನೂ ಹಂಚುವ ಮಾನ್ಯ ವೇಳಾಪಟ್ಟಿ ಅಧಿಕಾರಿಗಳೇ,

ಕಳೆದ ಸೋಮವಾರ ರಾತ್ರಿ ನಮ್ಮ ಬ್ರೆಡ್ ಕಂಪನಿಯ ಶೆಡ್ಡಿಗೆ ತಾವು ಆರು ಗಂಟೆ ಕರೆಂಟ್ ಕೊಟ್ಟಿರೆಂದು ತಮ್ಮ ದಾಖಲೆ ಹೇಳುತ್ತದೆ. ಕೊಟ್ಟದ್ದು ಒಂದೂವರೆ ಗಂಟೆ. ಉಳಿದದ್ದು ಕಾಗದದ ಮೇಲೆ ಉರಿಯಿತು. ಆ ಕಾಗದದ ದೆಸೆಯಿಂದ ಬರುವ ಶುಕ್ರವಾರ ಗ್ರೆಶಮ್ ಮಲುಂಗ ಎಂಬ ಚಾಲಕನ ಕೆಲಸ ಹೋಗಲಿದೆ. ದೂರು ಇಷ್ಟೇ. ಮಿಕ್ಕಿದ್ದು ವಿವರ, ಕರೆಂಟ್ ಇದ್ದಾಗ ಓದಿ.

ಡೀಸೆಲ್‌ಗಾಗಿ ಎರಡೆರಡು ದಿನ ಬಂಕಿನ ಮುಂದೆ ಸಾಲು ನಿಂತು, ಸಾಲಿನಲ್ಲೇ ಬ್ರೆಡ್ಡಿಗೆ ಬೂಸ್ಟು ಬಂದ ಮೇಲೆ ನಮ್ಮ ಕಂಪನಿ ಒಂಬತ್ತು ವ್ಯಾನುಗಳನ್ನೂ ಮಾರಿ ರಾತ್ರಿ ಶೆಡ್ಡಿನಲ್ಲಿ ಚಾರ್ಜ್ ಮಾಡುವ ಒಂಬತ್ತು ವಿದ್ಯುತ್ ವ್ಯಾನು ತಂದಿತು. ಅಂದು ರಿಬ್ಬನ್ ಕತ್ತರಿಸಿದವರು ತಾವು. “ರಾತ್ರಿಯ ಕರೆಂಟ್ ನನ್ನ ಜವಾಬ್ದಾರಿ” ಎಂದವರೂ ತಾವು. ಆ ಮಾತು ಮುಗಿಯುವ ಮೊದಲೇ ಮೈಕು ಸತ್ತಿತು. ಶಕುನ ಗಿಕುನ ನಂಬದ ನಾವು ಚಪ್ಪಾಳೆ ತಟ್ಟಿದೆವು. ವಿಚಾರವಂತಿಕೆಯಿಂದ ಆಗುವ ಅನಾಹುತ ನೋಡಿ!

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಚಿಕ್ವಾವಾ ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿ ವಾಹನವನ್ನು ಅದರ ಪಾಡಿಗೆ ಬಿಡುವುದು, ಡೀಸೆಲ್ ಉಳಿಸುವುದು ನಮ್ಮ ಚಾಲಕರ ಕುಲಧರ್ಮ. ವಿದ್ಯುತ್ ವ್ಯಾನಿನದು ಉಲ್ಟಾ ಧರ್ಮ. ಇಳಿಯುತ್ತ ಇಳಿಯುತ್ತ ಬ್ಯಾಟರಿ ತುಂಬಿಕೊಳ್ಳುತ್ತದೆ, ರಾತ್ರಿಯ ಚಾರ್ಜಿಗೆ ಅದೂ ಸೇರಿದರೇ ವಾಪಸು ಹತ್ತುವುದು. ನ್ಯೂಟ್ರಲ್ ಗುಂಡಿ ಒತ್ತಿದರೆ ಎಲ್ಲ ಸೊನ್ನೆ. ಗ್ರೆಶಮಣ್ಣ ಒತ್ತಿದ. ಎರಡು ಸಲ ಘಟ್ಟದಲ್ಲಿ ನಿಂತ. ಮೂರನೇ ಸಲ ನಿಂತರೆ ಕೆಲಸವಿಲ್ಲ ಎಂದು ಕಂಪನಿ ಬರೆದುಕೊಟ್ಟಿತು.

“ಅಣ್ಣಾ, ಆ ಗುಂಡಿ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?” ಎಂದೆ.

“ನಾನೆಲ್ಲಿ ಮುಟ್ಟಿದೆ ಮಾರಾಯ, ಕೈ ಮುಟ್ಟಿತು. ಇಪ್ಪತ್ತೆರಡು ವರ್ಷ ಡೀಸೆಲ್ ಗಾಡಿ ಓಡಿಸಿದ ಕೈ ಇದು. ವಯಸ್ಸಲ್ಲಿ ನಿನಗಿಂತ ದೊಡ್ಡದು, ಮರ್ಯಾದೆ ಕೊಟ್ಟು ಮಾತಾಡು.”

ಆಗ ನಾನೊಂದು ತಾಂತ್ರಿಕ ಸುಧಾರಣೆ ಮಾಡಿದೆ. ಅವನ ಹೆಂಡತಿಯನ್ನು ಕಾಡಿಬೇಡಿ, ಅವನ ಅತ್ತೆ ಅಬಿಟಿ ಜಾಫಾಲಿಯವರ ಪುಟ್ಟ ಫೋಟೋ ತಂದು ನ್ಯೂಟ್ರಲ್ ಗುಂಡಿಯ ಮೇಲೆ ಅಂಟಿಸಿದೆ. ಅತ್ತೆ ಎದುರು ಬಂದರೆ ದಾರಿ ಬಿಟ್ಟು ಹುಲ್ಲಿಗಿಳಿಯುವ ಅಳಿಯಂದಿರ ಊರು ನಮ್ಮದು. ಅವರ ಮುಖಕ್ಕೆ ಬೆರಳಿಡುವುದುಂಟೆ?

“ಲೇ ಮಾಯೆಸೊ! ಅತ್ತೆ ಇಲ್ಲೇನ್ ಮಾಡ್ತಿದಾರೆ?” ಗ್ರೆಶಮಣ್ಣ ಟೋಪಿ ತೆಗೆದುಬಿಟ್ಟಿದ್ದ.

“ಘಟ್ಟ ನೋಡೋಕೆ ಬಂದಿದಾರೆ.”

“ಕಿತ್ತು ಹಾಕೋ, ಕಪಿ!”

“ನೀನೇ ಕೀಳಣ್ಣ.”

ಕೀಳಲಿಲ್ಲ. ಐದು ವಾರ ವ್ಯಾನು ಎಲ್ಲೂ ನಿಲ್ಲಲಿಲ್ಲ. ತಿರುವುಗಳಲ್ಲಿ “ಹಿಡ್ಕೊಳ್ಳಿ ಅಮ್ಮಾ, ಬ್ರೇಕ್ ಹಾಕ್ತೀನಿ” ಎಂದು ಫೋಟೋಗೆ ಹೇಳುತ್ತಿದ್ದನಂತೆ.

ಮಂಗಳವಾರ ಬೆಳಿಗ್ಗೆ ಕಾಲುಭಾಗ ಬ್ಯಾಟರಿಯಲ್ಲಿ ವ್ಯಾನು ಹೊರಟಿತು. ಕಳಿಸಿದವನು ನಾನೇ. ಬ್ರೆಡ್ ಕಾಯುವುದಿಲ್ಲ, ತಮ್ಮ ಕರೆಂಟ್ ಬರುವುದಿಲ್ಲ, ಏನು ಮಾಡಲಿ? ವಾಪಸು ಬರುವಾಗ ಘಟ್ಟದ ತುದಿಗೆ ಎರಡು ತಿರುವು ಇರುವಾಗ ನಿಂತಿತು. ಕಂಪನಿ ತಮ್ಮನ್ನು ಕೇಳಿತು. “ವೇಳಾಪಟ್ಟಿಯಂತೆ ಆರು ಗಂಟೆ” ಎಂದಿರಿ. ಹಾಗಾದರೆ ಚಾಲಕ ಮತ್ತೆ ನ್ಯೂಟ್ರಲ್ ಒತ್ತಿದ್ದಾನೆ ಎಂದು ತೀರ್ಮಾನವಾಯಿತು. ವಿಚಾರಣೆಯಲ್ಲಿ ನಾನು ಎದ್ದು ನಿಂತು, ಕರೆಂಟ್ ಬಂದದ್ದು ಒಂದೂವರೆ ಗಂಟೆ ಎಂದು ಹೇಳಿ, ಅತ್ತೆಯ ಫೋಟೋದ ಸಾಕ್ಷ್ಯ ಕೊಟ್ಟೆ. ಕೋಣೆಗೆ ಕೋಣೆಯೇ ನಕ್ಕಿತು. “ಇದೂ ನಿನ್ನ ಕೀಟಲೆಯೇನೋ?” ಎಂದರು ಮ್ಯಾನೇಜರು. ಅವರ ಕುರ್ಚಿಗೆ ಒಮ್ಮೆ ಹಿಟ್ಟಿನ ಅಂಟು ಬಳಿದವನು ನಾನು. ನನ್ನ ಮಾತನ್ನು ಯಾರು ನಂಬಬೇಕು? ತಮ್ಮದನ್ನಾದರೋ ಎಲ್ಲರೂ ನಂಬುತ್ತಾರೆ. ತಾವು ಎಂದೂ ತಮಾಷೆ ಮಾಡಿದವರಲ್ಲ.

ಆದ್ದರಿಂದ ಬೇಡಿಕೆ ಒಂದೇ ಸಾಲು: “ಸೋಮವಾರ ರಾತ್ರಿ ಕೊಟ್ಟದ್ದು ಒಂದೂವರೆ ಗಂಟೆ.” ಬರೆದು, ಮೊಹರು ಒತ್ತಿ, ಗುರುವಾರದೊಳಗೆ ಕೊಡಿ. ಕೊಡುವುದಿಲ್ಲವೆಂದು ನನಗೆ ಗೊತ್ತು. ಗ್ರೆಶಮಣ್ಣನಿಗೂ ಗೊತ್ತು. ನಿನ್ನೆ ವ್ಯಾನಿನಿಂದ ನೀರಿನ ಬಾಟಲಿ, ಹಳೇ ಕೋಟು ಇಳಿಸಿಕೊಂಡ. ಫೋಟೋ ಅಲ್ಲೇ ಇತ್ತು.

“ಅದನ್ನ ನೀನೇ ತೆಗೆದು ಕಾಗದದಲ್ಲಿ ಸುತ್ತಿ ಕೊಡಪ್ಪ,” ಎಂದ. “ನಾನು ಮುಟ್ಟೋ ಹಾಗಿಲ್ಲ.”

ಇಂತಿ,
ಹುಟ್ಟಿದ ಮೇಲೆ ಒಂದೇ ಸಲ ನಿಜ ಹೇಳಿ, ಆ ಸಲವೇ ನಗೆಪಾಟಲಾದ,
ಮಾಯೆಸೊ ನಕೂಟೆ
ವ್ಯಾನು ಕಳಿಸುವ ಗುಮಾಸ್ತ