ಅಂಗಳದ ಲೈಟು ಆರಿಸಿದ್ದೇನೆ

ಕಿರಿಮಂಜೇಶ್ವರ, ಬೈಂದೂರು ತಾಲೂಕು
೧೪ ಮಾರ್ಚ್ ೨೦೨೫

ಪ್ರೀತಿಯ ತಮ್ಮ ಗಣಪಾ,

ಹುಷಾರಿದ್ದೀಯಾ? ರತ್ನಾಗಿರಿಯ ಬೋಟಿನಲ್ಲಿ ಮೂರು ಹೊತ್ತೂ ಚಪಾತಿಯಂತೆ. ಗಂಜಿ ಕಾಣದ ನಿನ್ನ ಹೊಟ್ಟೆ ಹೇಗೆ ಸುಮ್ಮನಿದೆಯೋ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಕಿರುಗುಟ್ಟುತ್ತದೆ. ಒಂದು ಬುಟ್ಟಿ ಒಣಮೀನಿನಿಂದ ಶುರು ಮಾಡಿ ಮೂರು ಸಂತೆಗೆ ಹೊತ್ತವಳ ಮಂಡಿ, ಅದಕ್ಕೂ ಸ್ವಲ್ಪ ಮಾತಾಡುವ ಹಕ್ಕಿದೆ. ಫೋನಿನಲ್ಲಿ ನಾವಿಬ್ಬರೂ ಸುಮ್ಮನಿರುವುದರಲ್ಲೇ ಪೈಪೋಟಿ ಮಾಡುತ್ತೇವೆ, ಅದಕ್ಕೇ ಈ ಕಾಗದ.

ನಿನ್ನ ಜೊತೆಗಾರ ರವಿಚಂದ್ರ ಊರಿಗೆ ಬಂದು ಹೋದಾಗಲೆಲ್ಲ ನೀನು ಅವನನ್ನು ಕೇಳುವುದು ಒಂದೇ ಅಂತೆ: "ಅಕ್ಕನ ಲೈಟ್ ಉರಿತಾ ಇತ್ತಾ?" ಅಮ್ಮ ತೀರಿಹೋಗಿ, ಬೊಜ್ಜದ ಊಟವೂ ಮುಗಿದ ಮರುದಿನ ನೀನು ಬಂದೆ. "ನೀನಿನ್ನ್ ಈ ಮೆಟ್ಲ್ ಹತ್ಬೇಡ" ಎಂದು ನೆಂಟರೆದುರು ನಾನಂದೆ. ನೀನು ತಿರುಗಿ ಹೋದೆ. ಆ ವಾರವೇ ಕಡಲಿಗೆ ಮುಖ ಮಾಡಿ ಕಂಬಕ್ಕೆ ಕಟ್ಟಿಸಿದ ಲೈಟು ಅದು. ಕೇಳಿದವರಿಗೆ, ಒಣಮೀನಿಗೆ ನಾಯಿ ಬಾರದಿರಲಿ ಎಂದೆ. ಬೆಳಕಿದ್ದರೆ ನಾಯಿಗೆ ಮೀನು ಇನ್ನೂ ಚೆನ್ನಾಗಿ ಕಾಣುತ್ತದೆಂದು ಯಾರೂ ಹೇಳಲಿಲ್ಲ, ಪುಣ್ಯ. ಮೂರು ವರ್ಷ ಒಂದು ರಾತ್ರಿಯೂ ಆರಿಸಲಿಲ್ಲ. ಕರೆಂಟು ಹೋದದ್ದನ್ನು ನನ್ನ ಲೆಕ್ಕಕ್ಕೆ ಹಾಕಬೇಡ.

ಮೊನ್ನೆ ಬೆಳಗಾಗುವಾಗ, ಕಡಲೂ ಆಕಾಶವೂ ಇನ್ನೂ ಬೇರೆಯಾಗಿರಲಿಲ್ಲ, ಅಂಗಳ ಗುಡಿಸಲು ಹೊರಟರೆ ಮರಳಿನ ಮೇಲೆಲ್ಲ ಹೊಲಿಗೆ ಹಾಕಿದಂಥ ಗೆರೆ. ಎಲ್ಲವೂ ಲೈಟುಕಂಬದ ಬುಡಕ್ಕೇ. ಅಲ್ಲಿ ಅಂಗೈಯೊಳಗೆ ಅಡಗುವಷ್ಟು ಪುಟ್ಟ ಕಡಲಾಮೆ ಮರಿಗಳು, ನಿದ್ದೆಯಲ್ಲಿ ನಡೆಯುವವರಂತೆ ಕಂಬವನ್ನು ಸುತ್ತುತ್ತಿದ್ದವು. ಎಣಿಸಿದೆ. ಅರವತ್ತೊಂದು ಗೆರೆ, ಮೂವತ್ತೆಂಟು ಮರಿ. ಉಳಿದ ಲೆಕ್ಕ ಕಾಗೆಗಳನ್ನು ಕೇಳಬೇಕು. ಬಾಯಾರಿರಬೇಕೆಂದು ಚರಿಗೆಯ ಬಾವಿನೀರಿಗೆ ಒಂದನ್ನು ಬಿಡುವುದರಲ್ಲಿದ್ದೆ. ಆಚೆಮನೆಯ ಸಿಂಚನಾ, ಕಾಲೇಜಿಗೆ ಹೋಗುವವಳು, ಹಲ್ಲುಜ್ಜುತ್ತಾ ಬೇಲಿಯಿಂದಲೇ ಕೂಗಿದಳು: "ಹ್ವಾಯ್ ಸರಸಕ್ಕಾ, ಎಂತ ಮಾಡ್ತ್ರಿ? ಉಪ್ಪ್ನೀರಿನ್ ಮಕ್ಕಳಿಗ್ ಬಾವಿನೀರಾ? ನಿಮ್ ಲೈಟನ್ನೇ ಕಡಲಂದ್ಕಂಡ್ ಬಂದದ್ ಕಾಣಿ ಅವು."

ಬುಟ್ಟಿಗೆ ಒದ್ದೆ ಮರಳು ಹಾಕಿ ಮರಿಗಳನ್ನು ಹೊತ್ತೊಯ್ದೆ, ಸಿಂಚನಾಳೂ ಜೊತೆಗೆ ಬಂದಳು. ನೀರಿಗೆ ಎಸೆಯಬಾರದಂತೆ, ದಡದಲ್ಲಿ ಬಿಟ್ಟೆವು, ತಾವೇ ನಡೆದವು. ಅಲೆ ಬಂದಷ್ಟು ಸಲವೂ ಕೆಲವು ಚುಕ್ಕೆಗಳು ಅಳಿಸಿಹೋದವು. ಕಡೆಯದು ಎರಡು ಸಲ ಹಿಂದಕ್ಕೆ ಬಂದು, ಮೂರನೇ ಸಲ ಹೋಯಿತು. ಖಾಲಿ ಬುಟ್ಟಿಯನ್ನು ಅಲೆಯಲ್ಲಿ ತೊಳೆದೆ. ಇದೇ ನೀರಿನ ಇನ್ನೊಂದು ಕಡೆ ನೀನಿದ್ದೀಯಲ್ಲ ಅನ್ನಿಸಿತು.

ಮರಳಿನೊಳಗೆ ಇನ್ನೂ ಎರಡು ಗೂಡಿವೆಯಂತೆ. ಅಂದೇ ಸಂಜೆ ಲೈಟು ಆರಿಸಿದೆ, ಸ್ವಿಚ್ಚಿನ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತ ಮೇಲೆ. ರವಿಚಂದ್ರ ಮುಂದಿನ ವಾರ ಬರುತ್ತಾನೆ. ಅವನು ಕತ್ತಲೆ ಕಂಡು ನಿನಗೆ ಸುದ್ದಿ ಮುಟ್ಟಿಸುವ ಮೊದಲು ಈ ಕಾಗದ ಮುಟ್ಟಲಿ. ಬೀದಿಯ ಏಳು ಮನೆಗಳಲ್ಲಿ ಐದು ಹೊರಗಿನ ಲೈಟು ಆರಿಸುತ್ತವೆ. ಉಳಿದೆರಡರ ಜಗಲಿಯಲ್ಲಿ ದಿನಾ ಹೋಗಿ ಮಾತಿಗೆ ಕೂರುತ್ತೇನೆ. ಪಾಪ, ಎಷ್ಟು ದಿನ ತಡೆದಾರು. ಈಗ ರಾತ್ರಿ ಕಡಲು ತನ್ನದೇ ಬೆಳಕಿನಲ್ಲಿ ಉಸಿರಾಡುವುದು ಕಾಣುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕಡಲಮ್ಮ ನಿನ್ನನ್ನು ತಣ್ಣಗಿಡಲಿ.

ನಿನ್ನ ಅಕ್ಕ,
ಸರಸ

ಮರೆತೆ: ಅಮ್ಮ ಹೋದಂದಿನಿಂದ ಬೊಜ್ಜದವರೆಗೂ ನಿಮ್ಮ ಬೋಟು ಸಿಗ್ನಲ್ ಇಲ್ಲದ ಕಡೆ ಇತ್ತು, ನಿನಗೆ ಸುದ್ದಿಯೇ ಮುಟ್ಟಿರಲಿಲ್ಲ ಎಂದು ರವಿಚಂದ್ರ ತಿಂಗಳೊಳಗೇ ಹೇಳಿದ್ದ. ಗೊತ್ತಾದ ಮೇಲೂ ಬರೀ ಲೈಟು ಉರಿಸಿಟ್ಟೆ, ಬಾ ಎಂದು ಬಾಯಿ ಬಿಡಲಿಲ್ಲ. ತಪ್ಪು ನನ್ನದು. ಮನೆಗೆ ಬಾ.